ಮನೆಯಲ್ಲಿ ಫೋಟೋ ಪ್ರಿಂಟ್: ಮಗಳ ವೇಷದ ಮುಖ ಕೆಂಪಾಗಿ ಬರುತ್ತಾ ಉಂಟು. ತಪ್ಪು ಪೇಪರ್ ಸೆಟ್ಟಿಂಗಿನದ್ದಾ, ಪ್ರೊಫೈಲಿನದ್ದಾ?

ಕಟಪಾಡಿ_ಕ್ಯಾಮೆರಾ
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದೇ ಕೆಲಸ ಆಗಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನನ್ನ ಮಗಳು ಮೊದಲ ಸಲ ಯಕ್ಷಗಾನದಲ್ಲಿ ವೇಷ ಮಾಡಿದಳು. ಬಡಗುತಿಟ್ಟು, ಅಭಿಮನ್ಯು. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಚ್ಚುವಲ್ಲಿಂದ ಹಿಡಿದು ಕೊನೆಯವರೆಗೆ 300 ಫೋಟೋ ತೆಗೆದಿದ್ದೇನೆ. ಅದರಲ್ಲಿ 40 ಆರಿಸಿ ಆಲ್ಬಮ್ ಮಾಡಿ ನನ್ನ ಅಮ್ಮನಿಗೆ ಕೊಡಬೇಕು. ಅವರಿಗೆ ಫೋನಿನಲ್ಲಿ ನೋಡಿದರೆ ತೃಪ್ತಿ ಇಲ್ಲ. ಕೈಯಲ್ಲಿ ಹಿಡಿದು, ಕಿಟಕಿ ಹತ್ತಿರ ಕೂತು ನೋಡಬೇಕು.

ಮನೆಯಲ್ಲಿ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್ ಇದೆ. ಕಂಪನಿಯ ಒರಿಜಿನಲ್ ಇಂಕೇ ಹಾಕಿದ್ದೇನೆ. ಪೇಪರ್ ಬೇರೆ ಕಂಪನಿಯದ್ದು, 270 ಜಿಎಸ್‌ಎಂ ಗ್ಲಾಸಿ.

ಮೊದಲು ಫೋನಿನಿಂದಲೇ ಪ್ರಿಂಟ್ ಕೊಟ್ಟೆ. ಎಲ್ಲ ಮಂಕು. ತಲೆಗೆ ಕಟ್ಟಿದ ಕೇದಗೆ ಮುಂದಲೆಯ ಕಪ್ಪು ಬಟ್ಟೆ ಬೂದಿ ಬಣ್ಣ ಬಂತು. ಆಮೇಲೆ ಪೇಪರ್ ಕಂಪನಿಯ ವೆಬ್‌ಸೈಟಿನಿಂದ ಐಸಿಸಿ ಪ್ರೊಫೈಲ್ (ಆ ಪೇಪರಿಗೆ ತಕ್ಕ ಹಾಗೆ ಬಣ್ಣ ಹೊಂದಿಸುವ ಫೈಲ್) ಇಳಿಸಿ, ಫೋಟೋಶಾಪ್‌ನಿಂದ ಕೊಟ್ಟೆ. ಈಗ ಕಪ್ಪು ಚೆನ್ನಾಗಿ ಬಂತು, ಆದರೆ ಮುಖ ಎಲ್ಲ ಕೆಂಪು. ಬಿಸಿಲಲ್ಲಿ ಸುಟ್ಟ ಹಾಗೆ. ಮೇಲಿಂದ ಫೋಟೋ ಪೂರ್ತಿ ಕತ್ತಲೆ ಕತ್ತಲೆ. ಸ್ಕ್ರೀನಿನಲ್ಲಿ ನೋಡಿದರೆ ಎಷ್ಟು ಚಂದ ಇದೆ! ಈಗಾಗಲೇ 22 ಹಾಳೆ ಹಾಳಾಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಕದ್ರಿಗುಡ್ಡೆ
ಎಂತಕ್ಕೆ ಇಷ್ಟು ಕಷ್ಟ ಮಾರಾಯ್ರೇ. ಪೆನ್‌ಡ್ರೈವ್‌ನಲ್ಲಿ ಹಾಕಿ ಒಳ್ಳೆ ಲ್ಯಾಬಿಗೆ ಕೊಡಿ. ಸಂಜೆಗೆ 40 ಪ್ರಿಂಟ್ ಕೈಗೆ ಬರುತ್ತದೆ.

ಕಟಪಾಡಿ_ಕ್ಯಾಮೆರಾ
ಲ್ಯಾಬ್ ಇದೆ ಅಂತ ಗೊತ್ತುಂಟು ಅಣ್ಣ. ಆದರೆ ಪ್ರಿಂಟರ್ ತಂದದ್ದೇ ಇದಕ್ಕೆ. ನನ್ನ ಕೈಯಾರೆ ಮಾಡಬೇಕು ಅಂತ ಆಸೆ.

ಮಣಿಪಾಲ_ಪ್ರೂಫ್
ನಾನು ಪ್ರೆಸ್‌ನಲ್ಲಿ ಪ್ರೀಪ್ರೆಸ್ ವಿಭಾಗದಲ್ಲಿ ಕೆಲಸ ಮಾಡುವವನು. ನಿಮ್ಮದು ಒಂದು ಸಮಸ್ಯೆ ಅಲ್ಲ, ಮೂರು. ಬೇರೆ ಬೇರೆ ಮಾಡಿ ನೋಡದಿದ್ದರೆ ಪೇಪರ್ ಖರ್ಚಾಗುತ್ತಲೇ ಇರುತ್ತದೆ.

ಮೊದಲ ಪ್ರಿಂಟ್ ಮಂಕಾದದ್ದು ಪೇಪರ್ ಸೆಟ್ಟಿಂಗಿನಿಂದ. ಫೋನಿನಿಂದ ಕೊಡುವಾಗ ಅದು ಹೆಚ್ಚಾಗಿ ಪ್ಲೇನ್ ಪೇಪರ್‌ನಲ್ಲೇ ಇರುತ್ತದೆ, ನಾವು ನೋಡುವುದಿಲ್ಲ. ಮೀಡಿಯಾ ಟೈಪ್, ಅಂದರೆ ಈ ಪೇಪರ್ ಸೆಟ್ಟಿಂಗ್, ಬರೀ ಹೆಸರಲ್ಲ. ಎಷ್ಟು ಇಂಕ್ ಬಿಡಬೇಕು, ಹೆಡ್ ಯಾವ ವೇಗದಲ್ಲಿ ಹೋಗಬೇಕು, ಯಾವ ಕಪ್ಪು ಬಳಸಬೇಕು, ಎಲ್ಲ ಅದೇ ತೀರ್ಮಾನ ಮಾಡುವುದು. ಸಾದಾ ಹಾಳೆ ಇಂಕ್ ಕುಡಿದು ಒದ್ದೆಯಾಗುತ್ತದೆ ಅಂತ ಪ್ರಿಂಟರ್ ಕಡಿಮೆ ಇಂಕ್ ಬಿಡುತ್ತದೆ. ಫೋಟೋ ಪೇಪರಿನ ಮೇಲಿನ ಲೇಪ ಅದಕ್ಕಿಂತ ತುಂಬಾ ಜಾಸ್ತಿ ಇಂಕ್ ಹಿಡಿಯಬಲ್ಲದು. ಹಾಗಾಗಿ ಕಪ್ಪು ಬೂದಿಯಾಯಿತು.

ಎರಡನೆಯದು, ಆ ಕೆಂಪು. ಒಂದು ಪ್ರಶ್ನೆ. ಫೋಟೋಶಾಪ್‌ನಲ್ಲಿ ಪ್ರೊಫೈಲ್ ಆರಿಸಿದ ಮೇಲೆ, ಪ್ರಿಂಟರ್ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಒಳಗೆ ಹೋಗಿ ಬಣ್ಣದ ತಿದ್ದುಪಡಿ ಆಫ್ ಮಾಡಿದ್ದೀರಾ?

ಕಟಪಾಡಿ_ಕ್ಯಾಮೆರಾ
ಇಲ್ಲ. ಅಲ್ಲಿ ಆಟೋಮ್ಯಾಟಿಕ್ ಅಂತ ಇತ್ತು, ಹಾಗೇ ಬಿಟ್ಟೆ.

ಮಣಿಪಾಲ_ಪ್ರೂಫ್
ಅದೇ ಕಾರಣ. ಬಣ್ಣ ಎರಡು ಸಲ ತಿದ್ದಿ ಹೋಗಿದೆ. ಫೋಟೋಶಾಪ್ ನಿಮ್ಮ ಪೇಪರಿಗೆ ತಕ್ಕ ಹಾಗೆ ಬಣ್ಣ ಬದಲಿಸಿ ಕಳಿಸಿತು. ಅದು ಆಗಲೇ ತಿದ್ದಿದ್ದು ಅಂತ ಡ್ರೈವರ್‌ಗೆ ಗೊತ್ತಿಲ್ಲ, ಅದು ಮತ್ತೊಮ್ಮೆ ತಿದ್ದಿತು. ಒಂದೇ ಸಾಂಬಾರಿಗೆ ಅತ್ತೆಯೂ ಉಪ್ಪು ಹಾಕಿ ಸೊಸೆಯೂ ಉಪ್ಪು ಹಾಕಿದ ಹಾಗೆ. ಚರ್ಮದ ಬಣ್ಣ ಕೆಂಪಿಗೋ ನೇರಳೆಗೋ ತಿರುಗಿದರೆ ನಾನು ಮೊದಲು ನೋಡುವುದು ಇದನ್ನೇ.

ಎಪ್ಸನ್ ಆದರೆ ವಿಂಡೋಸ್‌ನಲ್ಲಿ ಮೋರ್ ಆಪ್ಷನ್ಸ್, ಕಲರ್ ಕರೆಕ್ಷನ್, ಕಸ್ಟಮ್, ಅಡ್ವಾನ್ಸ್‌ಡ್ ಒಳಗೆ ಹೋಗಿ 'ನೋ ಕಲರ್ ಅಡ್ಜಸ್ಟ್‌ಮೆಂಟ್' ಆರಿಸಬೇಕು. ಕ್ಯಾನನ್ ಆದರೆ ಕಲರ್ ಇಂಟೆನ್ಸಿಟಿಯಲ್ಲಿ ಮ್ಯಾನುಯಲ್, ಅದರೊಳಗೆ ಮ್ಯಾಚಿಂಗ್ ಟ್ಯಾಬ್, ಅಲ್ಲಿ 'ನನ್'. ಮ್ಯಾಕ್‌ನಲ್ಲಿ ಫೋಟೋಶಾಪ್ ಬಣ್ಣ ನೋಡಿಕೊಳ್ಳುತ್ತದೆ ಅಂತ ಹೇಳಿದರೆ ಕಲರ್ ಮ್ಯಾಚಿಂಗ್ ಜಾಗ ತಾನಾಗಿಯೇ ಬೂದಿಯಾಗಿ ನಿಲ್ಲುತ್ತದೆ.

ಹಂಪನಕಟ್ಟೆ_ಸ್ಟುಡಿಯೋ
ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಮನೆಯವರಿಗೆ ಐಸಿಸಿ ಎಲ್ಲ ಬೇಡ. ಫೋಟೋ ಎಸ್‌ಆರ್‌ಜಿಬಿಯಲ್ಲಿ (ಫೋನು, ಸ್ಕ್ರೀನುಗಳ ಸಾಮಾನ್ಯ ಬಣ್ಣದ ಲೆಕ್ಕ) ಇಡಿ, 'ಪ್ರಿಂಟರ್ ಮ್ಯಾನೇಜಸ್ ಕಲರ್ಸ್' ಅಂತ ಕೊಡಿ, ಪೇಪರ್ ಸರಿಯಾಗಿ ಆರಿಸಿ, ಕ್ವಾಲಿಟಿ ಹೈ ಇಡಿ. ಮುಗೀತು. ನಾನು ವರ್ಷಗಟ್ಟಲೆ ಹೀಗೇ ಪಾಸ್‌ಪೋರ್ಟ್ ಫೋಟೋದಿಂದ ಮದುವೆ ಆಲ್ಬಮ್‌ವರೆಗೆ ಕೊಟ್ಟಿದ್ದೇನೆ.

ಮಣಿಪಾಲ_ಪ್ರೂಫ್
ಸರ್, ಅದೂ ಸರಿಯಾದ ದಾರಿಯೇ. ಪ್ರಿಂಟರ್ ಕಂಪನಿಯದ್ದೇ ಪೇಪರ್, ಅದರದ್ದೇ ಇಂಕ್ ಇದ್ದರೆ ಡ್ರೈವರ್ ಒಳ್ಳೆ ಕೆಲಸ ಮಾಡುತ್ತದೆ. ಆದರೆ ಇವರದ್ದು ಬೇರೆ ಕಂಪನಿಯ ಪೇಪರ್. ಆ ಪೇಪರಿನ ಬಿಳಿ ಎಷ್ಟು, ಅದು ಇಂಕ್ ಹೇಗೆ ಹೀರುತ್ತದೆ ಅಂತ ಡ್ರೈವರ್‌ಗೆ ಗೊತ್ತಿಲ್ಲ. ಇಬ್ಬರಲ್ಲಿ ಒಬ್ಬರು ಮಾತ್ರ ಬಣ್ಣ ನೋಡಿಕೊಳ್ಳಬೇಕು, ಇಷ್ಟೇ ನನ್ನ ಮಾತು. ಅದು ಯಾರು ಅಂತ ಅವರವರು ತೀರ್ಮಾನ ಮಾಡಲಿ.

ಬಂಟ್ವಾಳ_ಡಿಟಿಪಿ
ಫೋಟೋ ಸಿಎಂವೈಕೆಗೆ (ಸಯಾನ್, ಮೆಜೆಂಟಾ, ಹಳದಿ, ಕಪ್ಪು ಇಂಕಿನ ಲೆಕ್ಕ) ಕನ್ವರ್ಟ್ ಮಾಡಿ ಕೊಡಿ. ಪ್ರಿಂಟರ್‌ನಲ್ಲಿ ಇರುವುದು ಅದೇ ಇಂಕ್ ಅಲ್ವಾ? ಆಗ ಎಲ್ಲ ಸರಿಯಾಗುತ್ತದೆ.

ಮಣಿಪಾಲ_ಪ್ರೂಫ್
ದಯವಿಟ್ಟು ಬೇಡ. ಆಫ್‌ಸೆಟ್‌ಗೆ ಅದು ಸರಿ. ಮನೆಯ ಇಂಕ್‌ಜೆಟ್‌ನ ಡ್ರೈವರ್ ಕೇಳುವುದು ಆರ್‌ಜಿಬಿ, ಅಂದರೆ ಸ್ಕ್ರೀನಿನ ಕೆಂಪು-ಹಸಿರು-ನೀಲಿ ಲೆಕ್ಕ. ನೀವು ಸಿಎಂವೈಕೆ ಕೊಟ್ಟರೆ ಅದನ್ನು ಮತ್ತೆ ಆರ್‌ಜಿಬಿ ಮಾಡಿ, ಆಮೇಲೆ ತನ್ನ ಇಂಕಿಗೆ ಹಂಚುತ್ತದೆ. ನಡುವೆ ಬಣ್ಣ ಸುಮ್ನೆ ಕಳೆದುಹೋಗುತ್ತದೆ. ಇವರ ಪ್ರಿಂಟರ್‌ನಲ್ಲಿ ನಾಲ್ಕು ಇಂಕೂ ಅಲ್ಲ, ಆರು. ತೆಳು ಸಯಾನ್, ತೆಳು ಮೆಜೆಂಟಾ ಕೂಡ ಇದೆ. ಅದನ್ನು ಹೇಗೆ ಬಳಸಬೇಕು ಅಂತ ಡ್ರೈವರ್‌ಗೇ ಬಿಡಬೇಕು.

ಬಂಟ್ವಾಳ_ಡಿಟಿಪಿ
ಹೌದಾ. ಇಷ್ಟು ದಿನ ಆಮಂತ್ರಣ ಪತ್ರಿಕೆಯ ಸ್ಯಾಂಪಲ್ ಎಲ್ಲ ಹಾಗೇ ತೆಗೆಯುತ್ತಿದ್ದೆ. ನಾಳೆ ಎರಡೂ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಸುರತ್ಕಲ್_ಅಕ್ಕ
ಕತ್ತಲೆ ಬಂದದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅದು ಪ್ರಿಂಟರಿನ ತಪ್ಪೇ ಅಲ್ಲ ತಮ್ಮ. ಸ್ಕ್ರೀನಿನ ಬ್ರೈಟ್‌ನೆಸ್ ಎಷ್ಟಿದೆ ನೋಡು. ನನ್ನ ಲ್ಯಾಪ್‌ಟಾಪ್ ಪೂರ್ತಿ 100ರಲ್ಲಿ ಇರುತ್ತಿತ್ತು. ಆ ಬೆಳಕಿನಲ್ಲಿ ಫೋಟೋ ಸರಿ ಕಂಡಿತು ಅಂತ ಪ್ರಿಂಟ್ ಕೊಟ್ಟರೆ ಪ್ರತಿ ಸಲ ಕತ್ತಲೆ. ಸ್ಕ್ರೀನ್ ತಾನೇ ಬೆಳಕು ಬಿಡುತ್ತದೆ. ಪೇಪರಿಗೆ ಕೋಣೆಯ ಬೆಳಕೇ ಗತಿ.

ಪ್ರಿಂಟ್ ಕೆಲಸಕ್ಕೆ ಮಾನಿಟರ್ 80ರಿಂದ 120 ಕ್ಯಾಂಡೆಲಾದ (ಸ್ಕ್ರೀನಿನ ಬೆಳಕಿನ ಅಳತೆ) ಒಳಗೆ ಇರಬೇಕು ಅಂತ ಹೇಳುತ್ತಾರೆ. ಅಳೆಯುವ ಸಾಧನ ಇಲ್ಲದಿದ್ದರೆ ಹೀಗೆ ಮಾಡು. ಸ್ಕ್ರೀನಿನಲ್ಲಿ ಒಂದು ಖಾಲಿ ಬಿಳಿ ಪುಟ ತೆರೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿ. ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸು. ನನ್ನದು ಅರ್ಧಕ್ಕಿಂತ ಕೆಳಗೆ ಬಂತು. ಎರಡು ದಿನ ಕಣ್ಣಿಗೆ ಮಂದ ಅನಿಸುತ್ತದೆ, ಆಮೇಲೆ ಅಭ್ಯಾಸ ಆಗುತ್ತದೆ. ನೈಟ್ ಲೈಟ್ ಆನ್ ಇದ್ದರೆ ಅದನ್ನೂ ತೆಗಿ.

ಹಂಪನಕಟ್ಟೆ_ಸ್ಟುಡಿಯೋ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಬರುವ ಗಿರಾಕಿಗಳಲ್ಲಿ ಹೆಚ್ಚಿನವರ ದೂರು ಇದೇ. ಫೋನ್ ತೋರಿಸಿ 'ಇದರಲ್ಲಿ ಎಷ್ಟು ಬೆಳ್ಳಗಿದೆ' ಅಂತ ಕೇಳುತ್ತಾರೆ.

ಮಲ್ಪೆ_ಬಂದರು
ಪ್ರಿಂಟ್ ಎಲ್ಲಿ ನಿಂತು ನೋಡುತ್ತೀರಿ ಅನ್ನುವುದೂ ಮುಖ್ಯ. ನಾನು ರಾತ್ರಿ ಹಳದಿ ಬಲ್ಬಿನ ಕೆಳಗೆ ನೋಡಿ ನೀಲಿ ಜಾಸ್ತಿ ಮಾಡಿದ್ದೆ. ಬೆಳಿಗ್ಗೆ ಅಂಗಳಕ್ಕೆ ತಂದರೆ ಸೇಂಟ್ ಮೇರೀಸ್ ದ್ವೀಪದ ಕಲ್ಲುಗಳೆಲ್ಲ ನೀಲಿ. ಅದರ ನಂತರ ರಾತ್ರಿ ತೀರ್ಮಾನ ಮಾಡುವುದನ್ನೇ ಬಿಟ್ಟೆ. ಪ್ರೆಸ್‌ಗಳಲ್ಲಿ ಬಣ್ಣ ನೋಡಲಿಕ್ಕೆ 5000 ಕೆಲ್ವಿನ್‌ನ, ಹಗಲಿನಂಥ ಬೆಳಕು ಇಟ್ಟುಕೊಳ್ಳುತ್ತಾರಲ್ಲ, ಮನೆಯಲ್ಲಿ ಹಗಲು ಕಿಟಕಿ ಹತ್ತಿರ ನೋಡಿದರೆ ಸಾಕು. ನೇರ ಬಿಸಿಲು ಬೇಡ.

ಕಟಪಾಡಿ_ಕ್ಯಾಮೆರಾ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಒಂದು ಹಾಳೆ ತೆಗೆದೆ. ಡ್ರೈವರ್‌ನಲ್ಲಿ ಬಣ್ಣದ ತಿದ್ದುಪಡಿ ಆಫ್. ಮುಖ ಸರಿಯಾಯಿತು! ಮೈಬಣ್ಣ, ಹಣೆಯ ನಾಮ ಎಲ್ಲ ಅದರದರ ಬಣ್ಣದಲ್ಲೇ ಉಂಟು. ಬ್ರೈಟ್‌ನೆಸ್ 90ರಿಂದ 40ಕ್ಕೆ ಇಳಿಸಿ ನೋಡಿದರೆ ನನ್ನ ಫೋಟೋಗಳು ನಿಜವಾಗಿಯೂ ಕತ್ತಲೆಯೇ. ಅದನ್ನೆಲ್ಲ ಈಗ ಮತ್ತೆ ಎಡಿಟ್ ಮಾಡಬೇಕು.

ಉಳಿದದ್ದು ಒಂದೇ. ವೇಷದ ಕಸೆ ಸೀರೆಯ ಕೆಂಪು. ಸ್ಕ್ರೀನಿನಲ್ಲಿ ಉರಿಯುವ ಹಾಗೆ ಇದೆ, ಪ್ರಿಂಟಿನಲ್ಲಿ ಬರೀ ಒಂದು ಕೆಂಪು ತೇಪೆ. ನೆರಿಗೆಗಳೇ ಕಾಣುವುದಿಲ್ಲ.

ಮಣಿಪಾಲ_ಪ್ರೂಫ್
ರಂಗಸ್ಥಳಕ್ಕೆ ಎಲ್‌ಇಡಿ ಲೈಟ್ ಹಾಕಿದ್ದರಾ?

ಕಟಪಾಡಿ_ಕ್ಯಾಮೆರಾ
ಹೌದು, ಬಣ್ಣದ ಲೈಟು ಬೇರೆ.

ಮಣಿಪಾಲ_ಪ್ರೂಫ್
ಹಾಗಾದರೆ ಎರಡು ಕಡೆ ನೋಡಬೇಕು.

ಒಂದು, ಫೋಟೋದಲ್ಲೇ ಕೆಂಪು ಚಾನೆಲ್ ತುಂಬಿ ಹೋಗಿರಬಹುದು. ಹಿಸ್ಟೋಗ್ರಾಮ್‌ನಲ್ಲಿ, ಅಂದರೆ ಬೆಳಕು-ಕತ್ತಲೆಯ ಗ್ರಾಫ್‌ನಲ್ಲಿ, ಕೆಂಪು ಮಾತ್ರ ನೋಡಿ. ಬಲಗಡೆ ಗೋಡೆಗೆ ಅಂಟಿದ್ದರೆ ನೆರಿಗೆಯ ವಿವರ ಅಲ್ಲಿ ಇಲ್ಲವೇ ಇಲ್ಲ. ರಾ ಫೈಲ್ (ಕ್ಯಾಮೆರಾದ ಕಚ್ಚಾ ಫೈಲ್) ಇದ್ದರೆ ಕೆಂಪಿನ ಸ್ಯಾಚುರೇಶನ್ ಮತ್ತು ಬೆಳಕು ಸ್ವಲ್ಪ ಇಳಿಸಿದರೆ ಒಂದಿಷ್ಟು ವಾಪಸ್ ಬರಬಹುದು.

ಇನ್ನೊಂದು, ಸ್ಕ್ರೀನ್ ತೋರಿಸುವ ಎಲ್ಲ ಕೆಂಪನ್ನೂ ಇಂಕ್ ಕೊಡಲಿಕ್ಕೆ ಆಗುವುದಿಲ್ಲ. ಇಂಕಿನ ಮಿತಿ ದಾಟಿದ ಬಣ್ಣವನ್ನು ಎಲ್ಲಾದರೂ ತಂದು ಕೂರಿಸಬೇಕು. ಹೇಗೆ ಕೂರಿಸುವುದು ಅಂತ ಹೇಳುವುದೇ ರೆಂಡರಿಂಗ್ ಇಂಟೆಂಟ್. ರಿಲೇಟಿವ್ ಕಲರಿಮೆಟ್ರಿಕ್ ಆದರೆ ಮಿತಿಯ ಒಳಗಿನ ಬಣ್ಣ ಹಾಗೇ ಉಳಿಯುತ್ತದೆ, ಹೊರಗಿನದ್ದು ಅಂಚಿಗೆ ಬಂದು ಒಂದರ ಮೇಲೊಂದು ಬೀಳುತ್ತದೆ. ನಿಮ್ಮ ತೇಪೆ ಬಂದದ್ದು ಹಾಗೆ. ಪರ್ಸೆಪ್ಚುಯಲ್ ಆದರೆ ಎಲ್ಲ ಬಣ್ಣವನ್ನೂ ಸ್ವಲ್ಪ ಸ್ವಲ್ಪ ಒಳಗೆ ಎಳೆಯುತ್ತದೆ. ಕೆಂಪು ಕೊಂಚ ಮೆತ್ತಗಾಗುತ್ತದೆ, ಆದರೆ ಒಂದು ನೆರಿಗೆಗೂ ಇನ್ನೊಂದಕ್ಕೂ ವ್ಯತ್ಯಾಸ ಉಳಿಯುತ್ತದೆ. ಯಕ್ಷಗಾನ, ಭೂತಕೋಲದ ಫೋಟೋಗಳಿಗೆ ನಾನು ಪರ್ಸೆಪ್ಚುಯಲ್‌ನಿಂದಲೇ ಶುರು ಮಾಡುತ್ತೇನೆ. ಸಾಮಾನ್ಯ ಮುಖದ ಫೋಟೋಗಳಿಗೆ ರಿಲೇಟಿವ್, ಬ್ಲ್ಯಾಕ್ ಪಾಯಿಂಟ್ ಕಾಂಪನ್ಸೇಶನ್ (ಕತ್ತಲೆ ಭಾಗದ ವಿವರ ಉಳಿಸುವ ಆಯ್ಕೆ) ಆನ್.

ಹಾಳೆ ಖರ್ಚು ಮಾಡುವ ಮೊದಲು ಸಾಫ್ಟ್ ಪ್ರೂಫ್ ನೋಡಿ, ಅಂದರೆ ಪ್ರಿಂಟ್ ಹೇಗೆ ಬರುತ್ತದೆ ಅಂತ ಸ್ಕ್ರೀನಿನಲ್ಲೇ ನೋಡುವುದು. ವ್ಯೂ ಮೆನುವಿನಲ್ಲಿ ಪ್ರೂಫ್ ಸೆಟಪ್, ಅಲ್ಲಿ ನಿಮ್ಮ ಪೇಪರಿನ ಪ್ರೊಫೈಲ್. ಇಂಟೆಂಟ್ ಬದಲಿಸಿ ಬದಲಿಸಿ ನೋಡಬಹುದು.

ಮಲ್ಪೆ_ಬಂದರು
ಇದು ನನಗೂ ಉಪಯೋಗ ಆಯಿತು. ಸೂರ್ಯ ಮುಳುಗಿದ ಮೇಲಿನ ನೀಲಿ ಆಕಾಶ ನನಗೆ ಯಾವಾಗಲೂ ನೇರಳೆ ಬರುತ್ತಿತ್ತು.

ಲಿನಕ್ಸ್_ಉಡುಪಿ
ಲಿನಕ್ಸ್‌ನಲ್ಲಿ ಇರುವವರಿಗೆ ಒಂದು ಮಾತು. ಗಿಂಪ್‌ನಲ್ಲಿ (ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರ್) ಫೋಟೋದ ಕಾಪಿ ಮಾಡಿ, ಅದನ್ನು ಪ್ರಿಂಟರ್ ಪ್ರೊಫೈಲಿಗೆ ಕನ್ವರ್ಟ್ ಮಾಡಿ, ಗುಟೆನ್‌ಪ್ರಿಂಟ್ ಡ್ರೈವರ್‌ನಲ್ಲಿ ಕಲರ್ ಕರೆಕ್ಷನ್ 'ಅನ್‌ಕರೆಕ್ಟೆಡ್' ಇಟ್ಟು ಪ್ರಿಂಟ್ ಕೊಡಿ. ಆದರೆ ನೆನಪಿಡಿ, ಕಂಪನಿ ಕೊಟ್ಟ ಪ್ರೊಫೈಲ್ ವಿಂಡೋಸ್ ಡ್ರೈವರ್ ಇಟ್ಟುಕೊಂಡು ಮಾಡಿದ್ದು. ಗುಟೆನ್‌ಪ್ರಿಂಟ್ ಇಂಕ್ ಬಿಡುವ ರೀತಿಯೇ ಬೇರೆ. ನಾನು ಆರ್ಗಿಲ್‌ ಬಳಸಿ ನನ್ನದೇ ಪ್ರೊಫೈಲ್ ಮಾಡಿಕೊಂಡೆ. ಸಾಫ್ಟ್‌ವೇರ್ ಉಚಿತ, ಅಳೆಯುವ ಸ್ಪೆಕ್ಟ್ರೋ ಮಾತ್ರ ಸ್ನೇಹಿತನದ್ದು.

ಕಟಪಾಡಿ_ಕ್ಯಾಮೆರಾ
ನನ್ನದೇ ಪ್ರೊಫೈಲ್ ಮಾಡುವುದು ಅಂದರೆ ಹೇಗೆ?

ಲಿನಕ್ಸ್_ಉಡುಪಿ
ನೂರಾರು ಬಣ್ಣದ ಚೌಕಗಳ ಒಂದು ಚಾರ್ಟ್ ಇರುತ್ತದೆ. ಅದನ್ನು ಎಲ್ಲ ತಿದ್ದುಪಡಿ ಆಫ್ ಮಾಡಿ ಪ್ರಿಂಟ್ ತೆಗೆಯಬೇಕು. ಒಂದು ದಿನ ಒಣಗಲಿಕ್ಕೆ ಬಿಡಬೇಕು. ಆಮೇಲೆ ಪ್ರತಿ ಚೌಕವನ್ನು ಸ್ಪೆಕ್ಟ್ರೋಫೋಟೋಮೀಟರ್‌ನಿಂದ ಅಳೆಯಬೇಕು. ಕೇಳಿದ ಬಣ್ಣ ಯಾವುದು, ಬಂದ ಬಣ್ಣ ಯಾವುದು ಅಂತ ಲೆಕ್ಕ ಸಿಗುತ್ತದೆ. ಆ ಲೆಕ್ಕವೇ ಪ್ರೊಫೈಲ್. ಫೋಟೋಶಾಪ್‌ನಿಂದ ಈ ಚಾರ್ಟ್ ತೆಗೆಯಬೇಡಿ. 2010ರಲ್ಲಿ ಬಂದ ಸಿಎಸ್5ರಿಂದ 'ನೋ ಕಲರ್ ಮ್ಯಾನೇಜ್‌ಮೆಂಟ್' ಆಯ್ಕೆಯನ್ನೇ ತೆಗೆದರು. ಅದಕ್ಕೆ ಅಡೋಬಿ ಕಲರ್ ಪ್ರಿಂಟರ್ ಯುಟಿಲಿಟಿ ಅಂತ ಬೇರೆಯೇ ಇದೆ.

ಮುಖ್ಯ ವಿಷಯ, ಪ್ರೊಫೈಲ್ ಅಂದರೆ ಬರೀ ಪೇಪರಿನದ್ದಲ್ಲ. ಆ ಪ್ರಿಂಟರ್, ಆ ಇಂಕ್, ಆ ಪೇಪರ್, ಆ ಮೀಡಿಯಾ ಟೈಪ್, ನಾಲ್ಕೂ ಸೇರಿದ್ದು. ಒಂದು ಬದಲಾದರೂ ಅದು ಬೇರೆ ಯಾರದ್ದೋ ಅಳತೆಯ ಅಂಗಿ.

ಹಂಪನಕಟ್ಟೆ_ಸ್ಟುಡಿಯೋ
ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಪೇಪರ್ ಕಂಪನಿಯವರು ಪ್ರೊಫೈಲ್ ಜೊತೆ 'ಡ್ರೈವರ್‌ನಲ್ಲಿ ಈ ಮೀಡಿಯಾ ಟೈಪ್ ಆರಿಸಿ' ಅಂತ ಕೊಟ್ಟಿರುತ್ತಾರೆ. ಇಲ್‌ಫೋರ್ಡ್, ಹಾನೆಮ್ಯೂಲೆ, ಕ್ಯಾನ್ಸನ್ ಎಲ್ಲರೂ ಕೊಡುತ್ತಾರೆ. ಜನ ಪ್ರೊಫೈಲ್ ಇಳಿಸುತ್ತಾರೆ, ಆ ಕಾಗದ ಓದುವುದಿಲ್ಲ. ಕಟಪಾಡಿಯವರೇ, ನಿಮ್ಮದರಲ್ಲಿ ಎಂತ ಬರೆದಿದ್ದಾರೆ?

ಕಟಪಾಡಿ_ಕ್ಯಾಮೆರಾ
ಈಗ ನೋಡಿದೆ. 'ಪ್ರೀಮಿಯಂ ಗ್ಲಾಸಿ' ಅಂತ ಉಂಟು. ನಾನು 'ಫೋಟೋ ಪೇಪರ್ ಗ್ಲಾಸಿ' ಇಟ್ಟಿದ್ದೆ. ಎರಡೂ ಒಂದೇ ಅಂತ ಅಂದುಕೊಂಡಿದ್ದೆ.

ಹಂಪನಕಟ್ಟೆ_ಸ್ಟುಡಿಯೋ
ಎರಡೂ ಬೇರೆ. ಬದಲಿಸಿ ನೋಡಿ. ಐಸಿಸಿ ಬೇಡ ಅಂತ ನಾನು ಮೇಲೆ ಹೇಳಿದ್ದೆ. ನಿಮ್ಮ ಮುಖ ಸರಿ ಬಂತು ಅಂದ ಮೇಲೆ ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ, ಬೇರೆ ಕಂಪನಿಯ ಪೇಪರ್ ಇದ್ದವರ ಮಟ್ಟಿಗೆ.

ಕದ್ರಿಗುಡ್ಡೆ
ನನ್ನದು ಕಪ್ಪು ಮಾತ್ರ ಕೈಗೆ ಅಂಟುತ್ತದೆ. ನಾಲ್ಕು ಬಣ್ಣದ ಪ್ರಿಂಟರ್, ಗ್ಲಾಸಿ ಪೇಪರ್. ಎರಡು ದಿನ ಆದರೂ ಒಣಗುವುದಿಲ್ಲ. ಎಂತ ಮಾಡುವುದು?

ಮಣಿಪಾಲ_ಪ್ರೂಫ್
ಹಲವು ನಾಲ್ಕು ಬಣ್ಣದ ಪ್ರಿಂಟರ್‌ಗಳಲ್ಲಿ ಕಪ್ಪು ಪಿಗ್ಮೆಂಟ್ (ಸಣ್ಣ ಕಣಗಳ ಇಂಕ್), ಉಳಿದ ಮೂರು ಡೈ (ಪೂರ್ತಿ ಕರಗಿದ ಬಣ್ಣದ ಇಂಕ್). ಪಿಗ್ಮೆಂಟ್ ಕಪ್ಪು ಸಾದಾ ಹಾಳೆಯ ಅಕ್ಷರಕ್ಕೆ ಒಳ್ಳೆಯದು. ಗ್ಲಾಸಿ ಮೇಲೆ ಅದು ಇಳಿಯದೆ ಮೇಲೆಯೇ ಕೂರುತ್ತದೆ. ಗ್ಲಾಸಿ ಅಂತ ಮೀಡಿಯಾ ಟೈಪ್ ಕೊಟ್ಟರೆ ಪ್ರಿಂಟರ್ ಆ ಕಪ್ಪನ್ನು ಬಿಟ್ಟು, ಮೂರು ಬಣ್ಣ ಸೇರಿಸಿ ಕಪ್ಪು ಮಾಡುತ್ತದೆ. ನೀವು ಪ್ಲೇನ್ ಪೇಪರ್‌ನಲ್ಲೇ ಬಿಟ್ಟಿದ್ದೀರಿ ಅಂತ ಕಾಣುತ್ತದೆ. ಪೇಪರಿನ ತಪ್ಪು ಬದಿಗೆ ಹೊಡೆದರೂ ಹೀಗಾಗುತ್ತದೆ, ಅದನ್ನೂ ನೋಡಿ.

ಕದ್ರಿಗುಡ್ಡೆ
ಪ್ಲೇನ್ ಪೇಪರೇ ಇತ್ತು. ಬದಲಿಸಿದೆ. ಅಂಟುವುದು ನಿಂತಿತು.

ಸುರತ್ಕಲ್_ಅಕ್ಕ
ನಮ್ಮ ಕಡೆಯ ತೇವದ ಬಗ್ಗೆ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಫೋಟೋ ಪೇಪರ್ ಬಿಟ್ಟೀತಾ? ಒಂದು ಮಳೆಗಾಲದಲ್ಲಿ ತೆರೆದ ಪ್ಯಾಕೆಟ್ ಕಪಾಟಿನಲ್ಲಿಟ್ಟೆ. ಹಾಳೆ ಅಂಚಿನಲ್ಲಿ ಸುರುಳಿ ಬಂತು. ಹೆಡ್ ಅದಕ್ಕೆ ತಾಗಿ ಅಂಚಿನಲ್ಲೆಲ್ಲ ಇಂಕಿನ ಗೆರೆ. ಪ್ರಿಂಟ್ ಆದದ್ದನ್ನು ಅವತ್ತೇ ಗಾಜಿನ ಫ್ರೇಮಿಗೆ ಹಾಕಿದೆ, ಅದು ಗಾಜಿಗೆ ಅಂಟಿಕೊಂಡಿತು. ನನ್ನ ಅಪ್ಪನ ಫೋಟೋ ಅದು. ತೆಗೆಯುವಾಗ ಹರಿಯಿತು.

ಈಗ ಪೇಪರನ್ನು ಅದರ ಕವರಿನ ಸಮೇತ ಜಿಪ್ ಚೀಲದಲ್ಲಿ ಹಾಕಿ, ಸಿಲಿಕಾ ಜೆಲ್ ಇಟ್ಟು, ಮಲಗಿಸಿ ಇಡುತ್ತೇನೆ. ಬೇಕಾದಷ್ಟೇ ಹಾಳೆ ತೆಗೆಯುತ್ತೇನೆ, ಟ್ರೇಯಲ್ಲಿ ರಾತ್ರಿ ಬಿಡುವುದಿಲ್ಲ. ಪ್ರಿಂಟ್ ಆದ ಮೇಲೆ ಒಂದು ದಿನ ಬಿಡಿಬಿಡಿಯಾಗಿ ಹರಡಿ ಒಣಗಿಸುತ್ತೇನೆ. ಫ್ರೇಮಿಗೆ ಹಾಕುವಾಗ ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡ್ ಕೊಡಿಸುತ್ತೇನೆ.

ಬಂಟ್ವಾಳ_ಡಿಟಿಪಿ
ಅಕ್ಕ, ಅಪ್ಪನ ಆ ಫೋಟೋದ ಫೈಲ್ ಉಂಟಲ್ಲ?

ಸುರತ್ಕಲ್_ಅಕ್ಕ
ಉಂಟು, ಉಂಟು. ಮತ್ತೆ ತೆಗೆದೆ. ಈಗ ಹಾಲ್‌ನಲ್ಲಿ ಇದೆ.

ಮಲ್ಪೆ_ಬಂದರು
ಮಳೆಗಾಲದಲ್ಲಿ ಡೈ ಇಂಕ್ ನಿಧಾನವಾಗಿ ಹರಡುವುದೂ ಉಂಟು. ಅಂಚು ಮಸುಕಾಗುತ್ತದೆ. ಮತ್ತೆ ಪ್ರಿಂಟರ್ ಸುಮ್ನೆ ತಿಂಗಳುಗಟ್ಟಲೆ ಇಡಬೇಡಿ. ವಾರಕ್ಕೊಂದು ಸಣ್ಣ ಬಣ್ಣದ ಪ್ರಿಂಟ್ ತೆಗೆಯಿರಿ. ಬಣ್ಣ ಒಮ್ಮೆಗೇ ತಪ್ಪಿದರೆ ಪ್ರೊಫೈಲ್ ಹುಡುಕುವ ಮೊದಲು ನಾಝಲ್ ಚೆಕ್ (ಎಲ್ಲ ಇಂಕ್ ಬರುತ್ತಾ ಅಂತ ನೋಡುವ ಪರೀಕ್ಷೆ) ಮಾಡಿ. ಎರಡು ದಿನ ನಾನು ಪ್ರೊಫೈಲ್ ಬದಲಿಸಿದ್ದೇ ಬದಲಿಸಿದ್ದು. ನೋಡಿದರೆ ತೆಳು ಮೆಜೆಂಟಾ ಬರುತ್ತಲೇ ಇರಲಿಲ್ಲ.

ಕದ್ರಿಗುಡ್ಡೆ
ಡಬ್ಬಿಯ ಮೇಲೆ 5760 ಡಿಪಿಐ ಅಂತ ಉಂಟು. ಹಾಗಾದರೆ ಫೋಟೋವನ್ನೂ ಅಷ್ಟಕ್ಕೆ ದೊಡ್ಡದು ಮಾಡಬೇಕಾ?

ಮಣಿಪಾಲ_ಪ್ರೂಫ್
ಬೇಡ. ಅದು ಇಂಕಿನ ಹನಿ ಎಷ್ಟು ಹತ್ತಿರ ಬೀಳುತ್ತದೆ ಅನ್ನುವ ಲೆಕ್ಕ. ಫೋಟೋಗೆ ಇಂಚಿಗೆ 300 ಪಿಕ್ಸೆಲ್ ಸಾಕು. 4x6ಕ್ಕೆ 1200x1800. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋ ಬೇಡ, ಅದು ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋನಿನ ಫೋಟೋ ಹೆಚ್ಚಾಗಿ 4:3 ಇರುತ್ತದೆ, 4x6 ಹಾಳೆ 3:2. ತಲೆಯೋ ಕಾಲೋ ಕತ್ತರಿಸುತ್ತದೆ. ಬಾರ್ಡರ್‌ಲೆಸ್ ಕೊಟ್ಟರೆ ಇನ್ನೂ ಸ್ವಲ್ಪ ಹೋಗುತ್ತದೆ. ಕಿರೀಟದ ತುದಿಗೆ ಜಾಗ ಬಿಟ್ಟು ಕ್ರಾಪ್ ಮಾಡಿ.

ಲಿನಕ್ಸ್_ಉಡುಪಿ
ಪ್ರಿಂಟ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ಶುರುವಾದದ್ದು 1841ರಲ್ಲಿ, ಕಲ್ಲಚ್ಚಿನಿಂದ. 1843ರಲ್ಲಿ 'ಮಂಗಳೂರು ಸಮಾಚಾರ' ಇಲ್ಲಿಂದಲೇ ಬಂತು. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದೂ ಅಲ್ಲೇ. ಈ ಊರಿನ ಮಳೆ, ಈ ಊರಿನ ತೇವ ಆಗಲೂ ಇತ್ತಲ್ಲ. ಅಂಥದ್ದರಲ್ಲಿ ಅಷ್ಟು ದೊಡ್ಡ ನಿಘಂಟು ಅಚ್ಚು ಹಾಕಿದ್ದಾರೆ ಅಂದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಹಂಪನಕಟ್ಟೆ_ಸ್ಟುಡಿಯೋ
ಒಳ್ಳೆ ಮಾತು ನೆನಪು ಮಾಡಿದಿರಿ. ಆದರೆ ವಿಷಯಕ್ಕೆ ಬನ್ನಿ. ಆಲ್ಬಮ್‌ಗೆ ಗ್ಲಾಸಿಯಾ, ಮ್ಯಾಟಾ? ಅಮ್ಮನ ವಯಸ್ಸಿನವರು ಕಿಟಕಿ ಹತ್ತಿರ ಕೂತು ನೋಡುವುದಾದರೆ ಗ್ಲಾಸಿ ಹೊಳೆದು ಕಣ್ಣಿಗೆ ಹೊಡೆಯುತ್ತದೆ. ನಾನಾದರೆ ಮ್ಯಾಟ್ ಕೊಡುತ್ತೇನೆ.

ಮಣಿಪಾಲ_ಪ್ರೂಫ್
ಮ್ಯಾಟ್‌ನಲ್ಲಿ ಕಪ್ಪು ಅಷ್ಟು ಆಳ ಬರುವುದಿಲ್ಲ, ಕೆಂಪೂ ಇನ್ನಷ್ಟು ಮೆತ್ತಗಾಗುತ್ತದೆ. ಯಕ್ಷಗಾನಕ್ಕೆ ಅದು ನಷ್ಟ. ನಡುವಿನ ದಾರಿ ಲಸ್ಟರ್. ಹೊಳಪು ಕಡಿಮೆ, ಬೆರಳಚ್ಚು ಕಾಣುವುದಿಲ್ಲ, ಬಣ್ಣ ಹೆಚ್ಚುಕಡಿಮೆ ಗ್ಲಾಸಿಯಷ್ಟೇ. ಪೇಪರ್ ಬದಲಾದರೆ ಪ್ರೊಫೈಲೂ ಬದಲು, ಮರೆಯಬೇಡಿ.

ಸುರತ್ಕಲ್_ಅಕ್ಕ
ಮಲ್ಲಿಗೆ ಮುಡಿದ ಫೋಟೋ ಇದ್ದರೆ ಪೇಪರಿನ ಬಿಳಿಯನ್ನೂ ನೋಡಿ ತಗೊ. ಪ್ರಿಂಟರ್‌ನಲ್ಲಿ ಬಿಳಿ ಇಂಕ್ ಇಲ್ಲ. ಹೂವಿನ ಬಿಳಿ ಅಂದರೆ ಪೇಪರಿನದ್ದೇ ಬಿಳಿ. ಕೆನೆ ಬಣ್ಣದ ಪೇಪರಿನಲ್ಲಿ ಶಂಕರಪುರ ಮಲ್ಲಿಗೆ ನಿನ್ನೆಯದ್ದರ ಹಾಗೆ ಕಾಣುತ್ತದೆ.

ಕಟಪಾಡಿ_ಕ್ಯಾಮೆರಾ
ಒಂದು ವಾರ ಆಯಿತು, ಸುದ್ದಿ ಹೇಳುತ್ತೇನೆ. ಲಸ್ಟರ್ ತಂದೆ, ಅದರದ್ದೇ ಪ್ರೊಫೈಲ್, ಅವರು ಬರೆದ ಮೀಡಿಯಾ ಟೈಪ್. ಡ್ರೈವರ್‌ನಲ್ಲಿ ತಿದ್ದುಪಡಿ ಆಫ್. ರಂಗಸ್ಥಳದ ಫೋಟೋಗಳಿಗೆ ಪರ್ಸೆಪ್ಚುಯಲ್, ಚೌಕಿಯ ಫೋಟೋಗಳಿಗೆ ರಿಲೇಟಿವ್. ರಾ ಫೈಲಿನಲ್ಲಿ ಕೆಂಪು ಇಳಿಸಿದ ಮೇಲೆ ಕಸೆ ಸೀರೆಯ ನೆರಿಗೆ ಒಂದೊಂದೂ ಎಣಿಸುವ ಹಾಗೆ ಬಂತು. 40ಕ್ಕೆ ಹಾಳಾದದ್ದು ಮೂರೇ ಹಾಳೆ. ಎಲ್ಲವನ್ನೂ ಒಂದು ದಿನ ಮಂಚದ ಮೇಲೆ ಹರಡಿ ಒಣಗಿಸಿದೆ.

ನಿನ್ನೆ ಸಂಜೆ ಅಮ್ಮನಿಗೆ ಕೊಟ್ಟೆ. ಕಿಟಕಿ ಹತ್ತಿರವೇ ಕೂತರು. ಬಣ್ಣ ಹಚ್ಚುವ ಫೋಟೋದ ಮೇಲೆ ಬೆರಳಿಟ್ಟು, 'ಇಲ್ಲಿ ಇನ್ನೂ ನಮ್ಮ ಹುಡುಗಿ, ಈ ಪುಟದಲ್ಲಿ ಅಭಿಮನ್ಯು' ಅಂತ ಹೇಳಿ ಎರಡು ಪುಟ ಹಿಂದೆ ಮುಂದೆ ತಿರುಗಿಸುತ್ತಾ ಇದ್ದರು.

ಸುರತ್ಕಲ್_ಅಕ್ಕ
ಓದಿ ಕಣ್ಣು ತುಂಬಿತು ತಮ್ಮ. ಆ ಆಲ್ಬಮನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಮಾತ್ರ ಇಡಬೇಡ, ಮಳೆ ಶುರುವಾದರೆ ಗೋಡೆ ಬೆವರುತ್ತದೆ.

ಮಲ್ಪೆ_ಬಂದರು
ಲಸ್ಟರ್ ಹಾಳೆ ಉಳಿದಿದ್ದರೆ ಎರಡು ನನಗೆ ಕೊಡುತ್ತೀರಾ? ನನ್ನ ಸಂಜೆ ಆಕಾಶವನ್ನು ಅದರಲ್ಲಿ ಒಮ್ಮೆ ನೋಡಬೇಕು. ಭಾನುವಾರ ಕಟಪಾಡಿ ಕಡೆ ಬರುವವನಿದ್ದೇನೆ.

ಕಟಪಾಡಿ_ಕ್ಯಾಮೆರಾ
ಏಳು ಉಳಿದಿದೆ. ಬನ್ನಿ, ಫೈಲನ್ನೂ ತನ್ನಿ, ನನ್ನ ಪ್ರಿಂಟರ್‌ನಲ್ಲೇ ತೆಗೆದು ನೋಡುವ.